ಅಪ್ರೂವ್ ತಮ್ಮಯ್ಯ

ನಮ್ಮೂರಿನಲ್ಲಿ ತಮ್ಮಯ್ಯ ಎಂಬ ಹೆಸರಿನವರು ನಾಲ್ಕು ಜನ ಇದ್ದರು. ಗಾಡಿ ತಮ್ಮಯ್ಯ, ಕುಳ್ಳ ತಮ್ಮಯ್ಯ, ಕೆರೆ ಕೆಳಗಿನ ತಮ್ಮಯ್ಯ. ನಾಲ್ಕನೆಯವನು ಅಪ್ರೂವ್ ತಮ್ಮಯ್ಯ. ನಾನು ಹೇಳಹೊರಟಿರುವುದು ಈ ನಾಲ್ಕನೆಯವನ ವಿಚಾರ. ಅವನ ವಿಚಾರ ಹೇಳಿದರೆ ನನ್ನದೂ ಹೊರಗೆ ಬರುತ್ತದೆ ಅಂತ ಇಷ್ಟು ವರ್ಷ ಬಾಯಿ ಬಿಡದೆ ಕೂತಿದ್ದೆ.

ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಚಿಗನಕೊಪ್ಪಲು ಗೇಟು ಅಂತ ಹೇಳಿದರೆ ಕಂಡಕ್ಟರು ಗೊಣಗಿಕೊಂಡೇ ಇಳಿಸುತ್ತಾನೆ. ಅಲ್ಲಿಂದ ಒಂದು ಮೈಲಿ ಒಳಗೆ ನಮ್ಮೂರು. ಅರ್ಧ ಊರಿಗೆ ನಾಲೆ ನೀರು, ಇನ್ನರ್ಧಕ್ಕೆ ಮಳೆಯೇ ಗತಿ. ಪಿಯುಸಿ ಮುಗಿಸಿ ಜಗಲಿ ಮೇಲೆ ಕೂತಿದ್ದ ನನ್ನನ್ನು ತೊಂಬತ್ತೊಂದರಲ್ಲಿ ಊರಿನ ಹಾಲಿನ ಸಂಘಕ್ಕೆ ಸೆಕ್ರೆಟರಿ ಮಾಡಿದರು. ಸಂಘವನ್ನು ಊರಿನವರು ಡೇರಿ ಅನ್ನುತ್ತಿದ್ದರು. ಸೆಕ್ರೆಟರಿ ಅಂದರೆ ದೊಡ್ಡ ಕುರ್ಚಿ ಅಂದುಕೊಳ್ಳಬೇಡಿ. ಬೆಳಿಗ್ಗೆ ಬೀಗ ತೆಗೆದು, ಹಾಲು ಅಳೆದು, ಅದಕ್ಕೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿ, ಕ್ಯಾನು ತುಂಬಿ, ವ್ಯಾನಿಗೆ ಹತ್ತಿಸಿ, ನೆಲ ತೊಳೆದು, ಸಂಜೆ ಮತ್ತೆ ಅದನ್ನೇ ಮಾಡುವವನು. ಹೆಸರು ಶ್ರೀನಿವಾಸ. ಊರಿಗೆಲ್ಲ ಸೀನ.

ತಮ್ಮಯ್ಯಣ್ಣ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಎರಡೂವರೆ ಎಕರೆ ಗದ್ದೆ, ಒಂದು ಸೀಮೆಹಸು, ಹೆಂಡತಿ ಸೋಮಮ್ಮ. ಮಕ್ಕಳಿರಲಿಲ್ಲ. ಯಾರಿಗೂ ಇಲ್ಲ ಅನ್ನದ ಮನುಷ್ಯ. ಇದನ್ನು ಹೊಗಳಿಕೆ ಅಂತ ಓದಿಕೊಳ್ಳಬೇಡಿ. ಕೊಡುವುದರಲ್ಲಿ ಇಲ್ಲ ಅನ್ನದವರು ಬೇರೆ. ಇವನು ಯಾವ ಮಾತಿಗೂ ಇಲ್ಲ ಅನ್ನುತ್ತಿರಲಿಲ್ಲ. ಈ ಸಲ ಭತ್ತ ಬೇಗ ನಾಟಿ ಮಾಡಬೇಕು ಅಂದರೆ ಹೌದು ಅನ್ನುವನು. ಅದೇ ಜಗಲಿಗೆ ಇನ್ನೊಬ್ಬ ಬಂದು ತಡವಾಗಿ ಮಾಡಬೇಕು ಅಂದರೆ ಅದಕ್ಕೂ ಹೌದು. ಹೆಣ್ಣು ಕೊಡುವವರು ಗಂಡು ನೋಡಲು ಹೋಗುವಾಗ ಇವನನ್ನು ಕರೆದುಕೊಂಡು ಹೋಗುತ್ತಿದ್ದರು, ಆದರೆ ಸಂಬಂಧ ಬೇಡ ಅಂತ ಮೊದಲೇ ತೀರ್ಮಾನವಾಗಿದ್ದರೆ ಅಪ್ಪಿತಪ್ಪಿಯೂ ಕರೆಯುತ್ತಿರಲಿಲ್ಲ.

ಅವನಿಗೆ ಆ ಇಂಗ್ಲಿಷ್ ಪದ ಅಂಟಿಕೊಂಡದ್ದು ಒಂದು ಅರ್ಜಿಯಿಂದ. ಹಿತ್ತಿಲಿನಲ್ಲಿ ಒಂದು ಮನೆ ಕಟ್ಟಿಕೊಳ್ಳಲು ಅರ್ಜಿ ಹಾಕಿ ಮೂರು ವರ್ಷ ಅಲೆದ. ಯಾವ ಆಫೀಸು ಅಂತ ನಾನು ಹೇಳುವುದಿಲ್ಲ, ಎಲ್ಲ ಆಫೀಸೂ ಅದೇ ಬೆಂಚು, ಅದೇ ನಾಳೆ ಬಾ. ಕೊನೆಗೊಂದು ದಿನ ಆ ಅರ್ಜಿ ಕೈಗೆ ಬಂತು. ಡೇರಿಗೆ ತಂದು ನನ್ನ ಮೇಜಿನ ಮೇಲೆ ಹರಡಿದ.

"ಸೀನ, ಅದೇನ್ಲಾ ಅದು, ಕೊನೇಲಿ ಕೆಂಪಗೆ ಗೀಚವ್ರಲ್ಲ?"

"ಅಪ್ರೂವ್ಡ್ ಅಂತ ಕಣಣ್ಣ. ಒಪ್ಪಿವ್ನಿ ಅಂತ."

"ಅಷ್ಟೇಯ? ಮೂರು ವರ್ಸ ನಾನು ಚಪ್ಲಿ ಸವೆಸಿದ್ದು ಈ ಒಂದು ಮಾತ್ಗಾ?"

ಬಹಳ ಹೊತ್ತು ಆ ಕೆಂಪು ಅಕ್ಷರವನ್ನು ನೋಡಿದ. ಮೂರು ವರ್ಷ ತನ್ನನ್ನು ನಿಲ್ಲಿಸಿದ್ದ ಗೋಡೆ ಒಂದು ಪದಕ್ಕೆ ಬಿದ್ದುಹೋದದ್ದು ಅವನಿಗೆ ತಮಾಷೆಯಾಗಿ ಕಂಡಿತೋ, ದೊಡ್ಡ ವಿಷಯವಾಗಿ ಕಂಡಿತೋ ಗೊತ್ತಿಲ್ಲ. ಅವತ್ತಿನಿಂದ ಆ ಪದ ಅವನ ನಾಲಿಗೆ ಮೇಲೆ ಮನೆ ಮಾಡಿತು. ಸೋಮಮ್ಮನ ಉಪ್ಸಾರು ಬಾಯಿಗಿಟ್ಟು "ಅಪ್ರೂವ್ ಕಣಮ್ಮಿ" ಅನ್ನುವನು. ಹಜಾಮರ ಹುಡುಗ ಕನ್ನಡಿ ಹಿಡಿದರೆ ಅಪ್ರೂವ್. ಯಾರದೋ ಕರು ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತರೆ ಅದಕ್ಕೂ ಅಪ್ರೂವ್. ಮಕ್ಕಳು ಬೇಕೆಂದೇ ಹಿಂದೆ ಬಿದ್ದು ಕೊಳೆತ ಸೀಬೆಕಾಯಿ ತೋರಿಸಿ ಅನ್ನಿಸಿಕೊಳ್ಳುತ್ತಿದ್ದವು.

ಸಂಘದ ಸಭೆಯಲ್ಲಿ ಅವನಿಂದ ನನಗೆ ಬಹಳ ಉಪಕಾರವಾಗುತ್ತಿತ್ತು. ಸಭೆಯಲ್ಲಿ ಏನೇ ತೀರ್ಮಾನ ಆಗಬೇಕಾದರೂ ಒಬ್ಬ ಸೂಚಕ ಬೇಕು, ಒಬ್ಬ ಅನುಮೋದಕ ಬೇಕು. ಸೂಚಿಸುವುದಕ್ಕೆ ಅಧ್ಯಕ್ಷ ಚಲುವರಾಜು ಇದ್ದೇ ಇದ್ದ. ಎದ್ದು ನಿಂತು ಅನುಮೋದಿಸುತ್ತೇನೆ ಅನ್ನಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ತಮ್ಮ ಹೆಸರು ಯಾಕೆ ಅಂತ. ತಮ್ಮಯ್ಯಣ್ಣನಿಗೆ ಆ ಹಿಂಜರಿಕೆ ಇರಲಿಲ್ಲ. ಹೆಸರು ಓದಿದ ಕೂಡಲೇ ಟವೆಲು ಕೊಡವಿಕೊಂಡು ಏಳುವನು, ಅಪ್ರೂವ್ ಅನ್ನುವನು, ಕೂರುವನು.

ಇಲ್ಲಿ ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಸಭೆಯ ನಡಾವಳಿಯನ್ನು ಸಭೆ ಮುಗಿದ ಮೇಲೆ ಬರೆಯಬೇಕೆಂಬುದು ಪುಸ್ತಕದ ಮಾತು. ನಾನು ಹಿಂದಿನ ದಿನ ಸಂಜೆಯೇ ಬರೆದಿಡುತ್ತಿದ್ದೆ. ಯಾವ ವಿಷಯ, ಏನು ತೀರ್ಮಾನ, ಸೂಚಕರು ಯಾರು, ಅನುಮೋದಕರು ಯಾರು, ಎಲ್ಲ. ಸಭೆಯಲ್ಲಿ ಅದನ್ನೇ ಓದುವುದು. ನನಗಿಂತ ಮುಂಚಿನವರೂ ಹಾಗೆಯೇ ಮಾಡುತ್ತಿದ್ದರು, ಅಕ್ಕಪಕ್ಕದ ಊರಿನ ಸಂಘಗಳಲ್ಲೂ ಹಾಗೆಯೇ. ಹಾಗಾಗಿ ಮೂರು ವರ್ಷದ ನಡಾವಳಿ ಪುಸ್ತಕ ತೆಗೆದರೆ ಪುಟಪುಟಕ್ಕೂ ನನ್ನ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: ಅನುಮೋದಕರು, ಶ್ರೀ ತಮ್ಮಯ್ಯ. ಅವನನ್ನು ಕೇಳಿ ಬರೆದದ್ದು ಒಂದೂ ಇಲ್ಲ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಸಂಘಕ್ಕೆ ಸ್ವಂತ ಕಟ್ಟಡವಾಯಿತು. ಅಲ್ಲಿಯವರೆಗೆ ಊರ ಮುಂದಿನ ಮಾರಿಗುಡಿಯ ಪಕ್ಕದ ಕೋಣೆಯಲ್ಲಿ ಇದ್ದೆವು. ಹೊಸ ಕಟ್ಟಡ ಊರ ಹಿಂದಕ್ಕೆ ಬಂತು, ಬೈರಮ್ಮನ ಕೊಟ್ಟಿಗೆಗೆ ಒತ್ತಿಕೊಂಡು. ಬೈರಮ್ಮ ತಮ್ಮಯ್ಯಣ್ಣನ ಅಕ್ಕ. ಗಂಡ ತೀರಿಕೊಂಡ ಮೇಲೆ ಕೆ.ಆರ್. ಪೇಟೆ ಕಡೆಯಿಂದ ತವರಿಗೆ ವಾಪಸು ಬಂದು, ಬೇರೆ ಮನೆ ಮಾಡಿಕೊಂಡು, ಎರಡು ಹಸು ಸಾಕಿಕೊಂಡಿದ್ದವಳು. ನಾವೆಲ್ಲ ಬೈರಕ್ಕ ಅನ್ನುತ್ತಿದ್ದೆವು. ಮಾತು ಸ್ವಲ್ಪ ಖಾರ. ಸಂಘ ಶುರುವಾದ ವರ್ಷದಿಂದಲೂ ಸದಸ್ಯೆ. ಅವಳ ಹಾಲಿನ ಮೇಲೆ ಯಾರೂ ಒಂದು ಮಾತು ಆಡಿರಲಿಲ್ಲ.

ಹೊಸ ಕಟ್ಟಡಕ್ಕೆ ಬಂದ ತಿಂಗಳಿಂದ ಅವಳ ಹಾಲು ಕಡಿಮೆ ತೋರಿಸತೊಡಗಿತು. ಲ್ಯಾಕ್ಟೋಮೀಟರ್ ಅಂದರೆ ಗಾಜಿನ ಒಂದು ಕಡ್ಡಿ, ಹಾಲಿನಲ್ಲಿ ತೇಲುತ್ತದೆ. ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಕೆಳಗೆ ಇಳಿಯುತ್ತದೆ. ನಮ್ಮಲ್ಲಿ ಇಪ್ಪತ್ತಾರಕ್ಕಿಂತ ಕಡಿಮೆ ತೋರಿಸಿದರೆ ನೀರು ಅಂತ ಲೆಕ್ಕ. ಬೈರಕ್ಕನ ಹಾಲು ಇಪ್ಪತ್ತನಾಲ್ಕು ತೋರಿಸುತ್ತಿತ್ತು, ಒಂದೊಂದು ದಿನ ಇಪ್ಪತ್ತನಾಲ್ಕೂವರೆ.

"ಇನ್ನೊಂದ್ಸಲ ನೋಡ್ಲಾ. ಈಗ್ತಾನೆ ಕರ್ದು ಅಂಗೇ ತಂದಿವ್ನಿ," ಅಂದಳು ಒಂದು ದಿನ.

ಇನ್ನೊಂದು ಸಲ ನೋಡಿದೆ, ಅಷ್ಟೇ ಬಂತು. ಡೇರಿಯ ಹೊರಗೆ ಹೊಸದಾಗಿ ನಲ್ಲಿ ಹಾಕಿಸಿದ್ದೆವು. ಕೊಟ್ಟಿಗೆಯಿಂದ ಡೇರಿಗೆ ಬರುವ ಹತ್ತು ಹೆಜ್ಜೆಯಲ್ಲಿ ಆ ನಲ್ಲಿ. ಸಾಲಿನಲ್ಲಿ ನಿಂತ ಜನ ನಲ್ಲಿಯನ್ನು ನೋಡಿದರು, ಅವಳ ಕೈಯ ತಪ್ಪಲೆಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದೇ ಹೊತ್ತಿಗೆ ನಮ್ಮೂರ ಕ್ಯಾನಿನ ಹಾಲು ತೆಳ್ಳಗಿದೆ ಅಂತ ಮೇಲಿನ ಒಕ್ಕೂಟದಿಂದ ಎರಡು ಸಲ ಚೀಟಿ ಬಂತು. ಯಾಕೆ ತೆಳ್ಳಗಿತ್ತು ಅಂತ ನನಗೆ ಗೊತ್ತಿತ್ತು. ಅಧ್ಯಕ್ಷರ ಮನೆಯಿಂದ ದಿನಾ ಎರಡು ಹೊತ್ತು ಬರುತ್ತಿದ್ದ ಹದಿನಾರು ಲೀಟರಿಗೆ ನಾನು ಕಡ್ಡಿ ಇಳಿಬಿಡುತ್ತಲೇ ಇರಲಿಲ್ಲ. ಇಳಿಬಿಡಬೇಡ ಅಂತ ಚಲುವರಾಜು ಯಾವತ್ತೂ ಹೇಳಿರಲಿಲ್ಲ, ನಾನೇ ಬಿಡುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಚೀಟಿಗೆ ಉತ್ತರ ಕೊಡಲು ಒಬ್ಬ ಕಳ್ಳ ಬೇಕಾಗಿತ್ತು, ಕಡ್ಡಿ ಒಬ್ಬಳನ್ನು ತೋರಿಸಿತ್ತು.

"ಮಹಾಸಭೇಲಿ ಎಸ್ರು ತೆಗ್ದಾಕ್ಬುಡವ. ಬರ್ಕೊ," ಅಂದ ಚಲುವರಾಜು.

ಬರೆದುಕೊಂಡೆ. ಸಭೆಯ ಹಿಂದಿನ ಸಂಜೆ ಡೇರಿಯಲ್ಲಿ ಕೂತು ಅಂದವಾಗಿ ನಕಲು ಮಾಡಿದೆ. ಹಾಲಿಗೆ ನೀರು ಬೆರೆಸಿ ಸಂಘಕ್ಕೆ ಕೆಟ್ಟ ಹೆಸರು ತಂದಿರುವ ಕಾರಣ ಶ್ರೀಮತಿ ಬೈರಮ್ಮನವರ ಸದಸ್ಯತ್ವವನ್ನು ರದ್ದುಪಡಿಸಲಾಗಿದೆ. ಸೂಚಕರು, ಶ್ರೀ ಚಲುವರಾಜು. ಅನುಮೋದಕರು ಅಂತ ಬರೆದು ಲೇಖನಿ ನಿಂತಿತು. ಮರೆತು ಬರೆದುಬಿಟ್ಟೆ ಅಂತ ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಸುಳ್ಳು. ಲೇಖನಿ ನಿಂತಿತ್ತು. ಅವಳ ಒಡಹುಟ್ಟಿದವನು ಅಂತ ನೆನಪೂ ಬಂದಿತ್ತು. ಬೇರೆಯವರ ಹೆಸರು ಹಾಕಬೇಕಾದರೆ ಅವರ ಮನೆಗೆ ಹೋಗಬೇಕು, ಒಪ್ಪಿಸಬೇಕು, ನನಗ್ಯಾಕಪ್ಪ ಅಂತ ಅನ್ನಿಸಿಕೊಳ್ಳಬೇಕು. ತಮ್ಮಯ್ಯಣ್ಣ ಯಾಕೆ ಅಂತ ಕೇಳುವುದಿಲ್ಲ. ಶ್ರೀ ತಮ್ಮಯ್ಯ ಅಂತ ಬರೆದು ಪುಸ್ತಕ ಮುಚ್ಚಿದೆ.

ಮಾರನೆಯ ದಿನ ಹೊಸ ಕಟ್ಟಡದಲ್ಲೇ ಸಭೆ. ಗಂಡಸರು ಜಮಖಾನದ ಮೇಲೆ, ನಾಲ್ಕೈದು ಜನ ಹೆಂಗಸರು ಹಿಂದಿನ ಗೋಡೆಗೆ ಒರಗಿ. ಬೈರಕ್ಕನೂ ಅಲ್ಲಿದ್ದಳು. ಲೆಕ್ಕಪತ್ರ, ಹಿಂಡಿ, ಬೂಸಾ ಎಲ್ಲ ಮುಗಿಯಿತು, ತಮ್ಮಯ್ಯಣ್ಣ ಮೂರು ಸಲ ಎದ್ದು ಮೂರು ಸಲ ಅಪ್ರೂವ್ ಅಂದ. ಆಮೇಲೆ ನಾನು ಇದನ್ನು ಓದಿದೆ. ಓದುವಾಗ ನನ್ನ ದನಿ ಸಣ್ಣಗಾಗಿದ್ದರಿಂದ ಚಲುವರಾಜು ಜೋರಾಗಿ ಓದು ಅಂದ. ಅನುಮೋದಕರು, ಶ್ರೀ ತಮ್ಮಯ್ಯ.

ತಮ್ಮಯ್ಯಣ್ಣ ಎದ್ದ. ಹೆಸರು ಕರೆದರೆ ಏಳುವುದು ಅವನ ಕಾಲಿಗೆ ರೂಢಿಯಾಗಿತ್ತು. ಎದ್ದ ಮೇಲೆ ಏನು ಓದಿದರು ಅಂತ ಅರ್ಥವಾಗಿರಬೇಕು, ಟವೆಲು ಹಿಡಿದ ಕೈ ಹಾಗೇ ನಿಂತಿತು. ಹಿಂದಿನಿಂದ ಬೈರಕ್ಕ ಅಂದಳು:

"ತಮ್ಮ, ನಾನು ಆಲು ಕರೆಯೋದ ನೀನು ನೋಡಿಲ್ವಾ? ಏಳಪ್ಪ ಇವ್ರಿಗೆ."

ಸಭೆಗೆ ಸಭೆಯೇ ಅವನನ್ನು ನೋಡಿತು. ಅವನು ನನ್ನ ಕಡೆ ನೋಡಿದ, ಚಲುವರಾಜು ಕಡೆ ನೋಡಿದ. ಅಕ್ಕನ ಕಡೆ ತಿರುಗಲಿಲ್ಲ.

"ಅಕ್ಕ ಅಂತ ಬುಟ್ಬುಟ್ರೆ ಸಂಗ ನಡಿಯಾಕಿಲ್ಲ ಕಣಯ್ಯ," ಅಂದ ಚಲುವರಾಜು ನಗುತ್ತಾ.

"ಅಪ್ರೂವ್," ಅಂದ ತಮ್ಮಯ್ಯಣ್ಣ.

ಬೈರಕ್ಕ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಯಾರನ್ನೂ ಬಯ್ಯಲಿಲ್ಲ. ಅವಳು ಬಯ್ಯುತ್ತಾಳೆ ಅಂತ ಎಲ್ಲರೂ ತಯಾರಾಗಿದ್ದರು. ಬಯ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಮರುದಿನದಿಂದ ಅವಳು ತಪ್ಪಲೆ ಹೊತ್ತು ಬಸ್ಸು ನಿಲ್ಲುವ ಗೇಟಿನವರೆಗೆ ನಡೆದು ಅಲ್ಲಿನ ಹೋಟೆಲಿಗೆ ಹಾಲು ಹಾಕತೊಡಗಿದಳು. ಡೇರಿ ಬಾಗಿಲಿನ ಎದುರೇ ಹೋಗಬೇಕು, ಹೋಗುವಳು. ಸಾಲಿನಲ್ಲಿ ನಿಂತವರಲ್ಲಿ ಯಾರಾದರೂ ಒಬ್ಬರು ಕೆಮ್ಮುತ್ತಿದ್ದರು. ಅವಳ ಮನೆಗೆ ಮಜ್ಜಿಗೆಗೆ ಬರುತ್ತಿದ್ದ ಹೆಂಗಸರು ಬರುವುದು ನಿಲ್ಲಿಸಿದರು. ಎದುರು ಮನೆ ಮಾದಮ್ಮನ ಮಗಳ ಮದುವೆಗೆ ಊರೆಲ್ಲ ಹಾಲು ಮೊಸರು ಕೊಟ್ಟಾಗ ಬೈರಕ್ಕನದನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅವಳಿಗೆ ಹೊಡೆತ ಬಿದ್ದದ್ದು ಅಲ್ಲಿ. ಹಾಲು ಎಲ್ಲಿಯಾದರೂ ಮಾರಬಹುದು, ಆ ಹೆಸರನ್ನು ತೊಳೆದುಕೊಳ್ಳಲು ಜಾಗವಿರಲಿಲ್ಲ. ತಮ್ಮಯ್ಯಣ್ಣ ಆಲೆಮನೆಯಿಂದ ಹೊಸ ಬೆಲ್ಲ ಕಳಿಸಿದರೆ ಹಾಗೇ ವಾಪಸು ಬಂತು. ತಮ್ಮನ ಜೊತೆ ಮಾತು ಬಿಟ್ಟಿದ್ದಳು.

ಒಂದು ಸಂಜೆ ಹಾಲು ಹಾಕಿದ ಮೇಲೂ ತಮ್ಮಯ್ಯಣ್ಣ ಹೋಗಲಿಲ್ಲ. ಜನ ಎಲ್ಲ ಹೋಗಲಿ ಅಂತ ಕಾದ.

"ಸೀನ, ಆ ಮಾತ್ಗೆ ಪೂರ್ತಿ ಅರ್ಥ ಏನ್ಲಾ?"

"ಯಾವ ಮಾತ್ಗಣ್ಣ?"

ಪದವನ್ನು ಅವನು ಹೇಳಲಿಲ್ಲ. ನನಗೆ ಗೊತ್ತಾಯಿತು. ಪಿಯುಸಿಯಲ್ಲಿ ಕೊಂಡ ನಿಘಂಟು ಬೀರುವಿನಲ್ಲೇ ಇತ್ತು, ತೆಗೆದು ಓದಿದೆ. ಒಪ್ಪು, ಸಮ್ಮತಿಸು, ಮಂಜೂರು ಮಾಡು. ಅದರ ಕೆಳಗೆ, ಒಳ್ಳೆಯದೆಂದು ತಿಳಿ, ಮೆಚ್ಚು.

"ಕೊನೇದ ಇನ್ನೊಂದ್ಸಲ ಓದು."

ಓದಿದೆ.

"ಅಂದ್ರೆ ಮಂಜೂರಾತಿ ಒಂದೇ ಅಲ್ಲ. ಅಕ್ಕುನ್ನ ಆಚ್ಗಾಕಿದ್ದು ಒಳ್ಳೇದು, ನಂಗೆ ಮೆಚ್ಗೆ ಅಂತ ನಾನು ನಿಂತ್ಕಂಡು ಏಳ್ದಂಗಾಯ್ತು."

ಸಮಾಧಾನ ಮಾಡೋಣ ಅಂತ, "ನಿಂಗೆ ಅರ್ಥ ಗೊತ್ತಿರ್ಲಿಲ್ವಲ್ಲಣ್ಣ, ಬುಡು," ಅಂದೆ.

"ಅರ್ಥ ಗೊತ್ತಿದ್ರೂ ಅಂತಿದ್ದೆ ಕಣ್ಲಾ. ಅಕ್ಕ ಬೆರಸಿಲ್ಲ ಅಂತ್ಲೂ ಗೊತ್ತಿತ್ತು. ಅಷ್ಟೂ ಜನ ನೋಡ್ತಾವ್ರೆ, ಇಲ್ಲ ಅನ್ನಕೆ ಬಾಯೇ ಬರ್ಲಿಲ್ಲ. ನಾಚ್ಕೆ ಆಯ್ತದೆ ಸೀನ. ಉಣ್ಣಕೆ ಕೂತ್ರೂ ಆಯ್ತದೆ."

ಅವನು ಆ ಪದ ಬಿಟ್ಟುಬಿಟ್ಟ. ಮಕ್ಕಳು ಸೀಬೆಕಾಯಿ ಹಿಡಿದು ಹಿಂದೆ ಬಂದರೆ ತಲೆ ಸವರಿ ಮುಂದೆ ಹೋಗುತ್ತಿದ್ದ. ಜನ ಮಾತ್ರ ಅವನನ್ನು ಅದೇ ಹೆಸರಿನಿಂದ ಕರೆಯುತ್ತಲೇ ಇದ್ದರು.

ತೊಂಬತ್ತೈದರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ಸೆಕ್ರೆಟರಿಗಳಿಗೆ ನಾಲ್ಕು ದಿನದ ತರಬೇತಿ ಇತ್ತು. ನನಗೆ ಅದು ಮೊದಲ ತರಬೇತಿ. ಅಲ್ಲಿಯವರೆಗೆ ಹಳೆಯ ಸೆಕ್ರೆಟರಿ ಮಾಡುತ್ತಿದ್ದುದನ್ನು ನೋಡಿ ಕಲಿತದ್ದೇ ವಿದ್ಯೆ. ಎರಡನೆಯ ದಿನ ಪಾಠ ಮಾಡುವವರು ಗಾಜಿನ ಕಡ್ಡಿ ಎತ್ತಿ ತೋರಿಸಿ, ಆಗ ತಾನೇ ಕರೆದ ಬೆಚ್ಚನೆಯ ಹಾಲಿಗೆ ಇದನ್ನು ಇಳಿಬಿಡಬಾರದು, ಆರಿದ ಮೇಲೆ ನೋಡಬೇಕು, ಬೆಚ್ಚಗಿದ್ದರೆ ಎರಡು ಮೂರು ಅಂಶ ಕಡಿಮೆ ತೋರಿಸುತ್ತದೆ ಅಂದರು. ಎಲ್ಲರೂ ಬರೆದುಕೊಂಡರು. ನನಗೆ ಬರೆಯಲಾಗಲಿಲ್ಲ. ಹಳೆಯ ಕೋಣೆ ಊರ ಮುಂದಿತ್ತು, ಬೈರಕ್ಕ ಅಷ್ಟು ದೂರ ನಡೆದು ಬಂದು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಹಾಲು ಆರಿರುತ್ತಿತ್ತು. ಹೊಸ ಕಟ್ಟಡಕ್ಕೆ ಹತ್ತು ಹೆಜ್ಜೆ. ಈಗ ತಾನೆ ಕರೆದು ಹಾಗೇ ತಂದಿದ್ದೇನೆ ಅಂತ ಅವಳೇ ಹೇಳಿದ್ದಳು.

ಊರಿಗೆ ಬಂದವನು ತಡೆಯಲಾರದೆ ಬೆಳಿಗ್ಗೆ ಅವಳ ಕೊಟ್ಟಿಗೆಗೆ ಹೋದೆ. ನಮ್ಮವ್ವನಿಗೆ ಬೇಕು ಅಂತ ಸುಳ್ಳು ಹೇಳಿ ಅರ್ಧ ಲೀಟರು ಹಾಲು ಕೇಳಿದೆ. ಅವಳು ನನ್ನ ಮುಖ ನೋಡಿ, ಎದುರಿಗೇ ಕರೆದು ಕೊಟ್ಟಳು. ಡೇರಿಯಲ್ಲಿ ಕಡ್ಡಿ ಇಳಿಬಿಟ್ಟೆ. ಇಪ್ಪತ್ತನಾಲ್ಕೂವರೆ. ಮುಚ್ಚಿಟ್ಟು ಒಂದು ಗಂಟೆ ಬಿಟ್ಟು ನೋಡಿದೆ. ಇಪ್ಪತ್ತೇಳು.

ಚಲುವರಾಜುಗೆ ಹೇಳಿದೆ. "ಆಗಿದ್ದು ಆಗೋಯ್ತು, ಈಗ ಕೆದಕ್ಬ್ಯಾಡ. ನಿನ್ ಕೆಲ್ಸಕ್ಕೇ ಕುತ್ತು ಬತ್ತದೆ," ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಕೆಲಸಕ್ಕೇ ಕುತ್ತು ಬರುತ್ತಿತ್ತು. ಮೂರು ವರ್ಷದಲ್ಲಿ ಇನ್ನೂ ಯಾರ್ಯಾರ ಹಾಲನ್ನು ವಾಪಸು ಕಳಿಸಿದ್ದೆನೋ ಅವರೆಲ್ಲ ಬಂದು ಕೇಳುತ್ತಾರೆ.

ಮನಸ್ಸು ತಡೆಯದೆ ತಮ್ಮಯ್ಯಣ್ಣನ ಕಬ್ಬಿನ ಗದ್ದೆಗೆ ಹೋಗಿ, ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಅವನು ಕುಡುಗೋಲು ಕೆಳಗಿಟ್ಟ.

"ಅಂಗಾರೆ ಸಭೇಲಿ ಏಳ್ಬುಡು. ಒಂದು ಮಾತು. ಅಕ್ಕುನ್ ಎಸ್ರು ಉಳ್ಕತದೆ."

"ನನ್ ಕೆಲ್ಸ ಓಯ್ತದೆ ಕಣಣ್ಣ. ಮನೇಲಿ ತಂಗಿ ಮದ್ವೆ ಐತೆ. ನನ್ನೆಸ್ರು ಎತ್ಬ್ಯಾಡಣ್ಣ, ಕೈ ಮುಗೀತಿನಿ."

ಇಲ್ಲ ಅನ್ನುವುದು ಅವನಿಗೆ ಬರುವುದಿಲ್ಲ ಅಂತ ತಿಳಿದೇ ನಾನು ಕೇಳಿದ್ದೆ.

"ಸರಿ ಬುಡು," ಅಂದ. "ನಾನೇ ನಿಂತ್ಕತೀನಿ. ನಿನ್ನೆಸ್ರು ಎತ್ತಾಕಿಲ್ಲ."

ಸೆಪ್ಟೆಂಬರಿನ ಮಹಾಸಭೆಗೆ ವಾರ ಇರುವಾಗ ಅವನು ಬಂದು ನನ್ನ ಕೈಲೇ ಬರೆಸಿದ. ಬೈರಮ್ಮನವರನ್ನು ಮತ್ತೆ ಸದಸ್ಯರಾಗಿ ಸೇರಿಸಿಕೊಳ್ಳಬೇಕು, ಅವರ ಮೇಲಿನ ಮಾತನ್ನು ಪುಸ್ತಕದಿಂದ ತೆಗೆಯಬೇಕು. ಸೂಚಕರು, ತಮ್ಮಯ್ಯ. ಆ ಜಾಗದಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಅನುಮೋದಕರು ಯಾರಣ್ಣ ಅಂತ ಕೇಳಿದೆ.

"ಯಾರಾರ ಏಳ್ತಾರೆ ಬುಡು. ನಾನು ಇಷ್ಟು ಜನುಕ್ಕೆ ಎದ್ದಿಲ್ವಾ?"

ಸಭೆಯ ದಿನ ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನ ವಿಷಯ ಬಂದಾಗ ಎದ್ದು ನಿಂತು, ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡಿದ.

"ನಮ್ಮಕ್ಕ ಆಲ್ಗೆ ನೀರಾಕಿಲ್ಲ. ಓದ್ವರ್ಸ ಅದು ಗೊತ್ತಿದ್ದೂ ನಾನು ಎದ್ದು ನಿಂತು ಅಪ್ರೂವ್ ಅಂದೆ. ಅದು ಸುಳ್ಳು. ನಂಗೆ ಎದ್ರಿಕೆ ಆಯ್ತು, ಅಂದ್ಬುಟ್ಟೆ. ಇಷ್ಟೂ ಜನದ್ ಮುಂದೆ ಒಪ್ಕತಾ ಇವ್ನಿ. ತಪ್ಪು ನಂದು, ಅವಳ್ದಲ್ಲ."

ನಮ್ಮ ಕಡೆ ಗಂಡಸರು ಸಭೆಯಲ್ಲಿ ಎದ್ರಿಕೆ ಆಯ್ತು ಅಂತ ಒಪ್ಪಿಕೊಳ್ಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಅದೆಲ್ಲ ಸರಿ, ಪುರಾವೆ ಏನಯ್ಯ?" ಅಂದ ಚಲುವರಾಜು. "ಮೀಟ್ರು ತೋರ್ಸಿತ್ತಲ್ಲ. ಮೀಟ್ರುಗೇನು ನಿಮ್ಮಕ್ಕುನ್ ಮೇಲೆ ದ್ವೇಸ್ವಾ?" ಜನ ನಕ್ಕರು. ಅವನು ನನ್ನ ಕಡೆ ತಿರುಗಿದ. "ಏನಪ್ಪ ಸಿಕ್ರೇಟ್ರಿ, ನೀನೇ ಏಳು. ಮೀಟ್ರು ಸರಿ ಇತ್ತೋ ಇಲ್ವೋ?"

ತಮ್ಮಯ್ಯಣ್ಣನೂ ನನ್ನನ್ನು ನೋಡಿದ. ಅವನು ಹೇಳಬಹುದಾಗಿತ್ತು. ಬದುವಿನ ಮೇಲೆ ಕೂತು ನಾನು ಆಡಿದ ಮಾತನ್ನೆಲ್ಲ ಅಲ್ಲಿ ಹೇಳಿದ್ದರೆ ಸಭೆ ನನ್ನ ಮೇಲೆ ತಿರುಗಿ ಬೀಳುತ್ತಿತ್ತು, ಅವನ ಕೆಲಸವಾಗುತ್ತಿತ್ತು. ಅವನು ಬಾಯಿ ತೆರೆಯಲಿಲ್ಲ. ಮಾತು ಕೊಟ್ಟಿದ್ದ.

"ಮೀಟ್ರು ಸರಿಯಾಗೇ ಇತ್ತಣ್ಣ," ಅಂದೆ.

ಕಡ್ಡಿ ಸರಿಯಾಗಿಯೇ ಇತ್ತು. ಹಿಡಿದ ಕೈ ಸರಿ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಸರಿ, ಸೂಚಕರು ತಮ್ಮಯ್ಯ. ಅನುಮೋದಕರು ಯಾರಪ್ಪ?" ಅಂದ ಚಲುವರಾಜು. ಯಾರೂ ಏಳಲಿಲ್ಲ. ತಮ್ಮಯ್ಯಣ್ಣ ಹಿಂದಕ್ಕೆ ತಿರುಗಿ ನೋಡಿದ. ಒಬ್ಬೊಬ್ಬರ ಮುಖವನ್ನೂ ನೋಡಿದ. ನೋಡಿಸಿಕೊಂಡವರು ಜಮಖಾನದ ದಾರ ಕೀಳುತ್ತಿದ್ದರು. ಅವನು ಆ ಜನರ ಎಷ್ಟು ಮಾತಿಗೆ ಎದ್ದು ನಿಂತಿದ್ದ ಅಂತ ಲೆಕ್ಕವಿದ್ದದ್ದು ನನ್ನ ಪುಸ್ತಕದಲ್ಲಿ ಮಾತ್ರ. ಕೊನೆಗೆ ಅವನೇ ಅರ್ಧ ಕೈ ಎತ್ತಿದ.

"ಸೂಚಿಸ್ದವನೇ ಅನುಮೋದ್ನೆ ಮಾಡಂಗಿಲ್ಲ ಕಣಯ್ಯ," ಅಂದ ಚಲುವರಾಜು. ಮತ್ತೆ ನಗು.

ತಮ್ಮಯ್ಯಣ್ಣ ಕೂರಲಿಲ್ಲ, ನಿಂತೇ ಇದ್ದ. ಕೂರುವುದೋ ಹೊರಗೆ ಹೋಗುವುದೋ ತಿಳಿಯದೆ ನಿಂತಿದ್ದ ಅಂತ ಕಾಣುತ್ತದೆ. ಆಗ ಬಾಗಿಲಿಗೆ ಬೈರಕ್ಕ ಬಂದಳು. ಸದಸ್ಯೆಯಲ್ಲದ್ದರಿಂದ ಒಳಗೆ ಕೂರುವಂತಿರಲಿಲ್ಲ, ಕೊಟ್ಟಿಗೆಯ ಗೋಡೆಗೆ ಒರಗಿ ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು.

"ಬಾ ತಮ್ಮ," ಅಂದಳು. "ಅಟ್ಟಿಗೆ ಓಗವ. ಮುದ್ದೆ ಆರೋ ಹೊತ್ತಾಯ್ತು."

ಒಂದು ವರ್ಷದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು. ಅವನು ಜನರ ನಡುವೆ ದಾಟಿಕೊಂಡು ಹೋದ. ಅಕ್ಕ ತಮ್ಮ ಕೊಟ್ಟಿಗೆ ಪಕ್ಕದಲ್ಲಿ ನಡೆದು ಒಳಗೆ ಹೋಗುವುದು ಕಿಟಕಿಯಲ್ಲಿ ಕಾಣಿಸಿತು. ನಾನು ತಲೆ ಬಗ್ಗಿಸಿ ನಡಾವಳಿಯಲ್ಲಿ ಬರೆದೆ: ಅನುಮೋದಕರು ಯಾರೂ ಇಲ್ಲದ್ದರಿಂದ ವಿಷಯವನ್ನು ಕೈಬಿಡಲಾಯಿತು.

ಮಾರನೆಯ ದಿನದಿಂದ ಎಲ್ಲರ ಹಾಲನ್ನೂ ಆರಲು ಬಿಟ್ಟು ನೋಡತೊಡಗಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಒಂದೆರಡು ವಾರ ಬಿಟ್ಟು ಬೈರಕ್ಕ ತಪ್ಪಲೆ ಹೊತ್ತು ಗೇಟಿನ ಕಡೆ ಹೋಗುವಾಗ ಅಡ್ಡ ನಿಂತು, ದನಿ ತಗ್ಗಿಸಿ, "ಅಕ್ಕ, ಇಲ್ಲೇ ಆಕು. ನಾನು ತಗತೀನಿ, ಯಾರೂ ಕೇಳಕಿಲ್ಲ," ಅಂದೆ.

ಅವಳು ತಪ್ಪಲೆ ಇಳಿಸಲಿಲ್ಲ. ತಮ್ಮ ಅವಳಿಗೆ ಎಲ್ಲವನ್ನೂ ಹೇಳಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಸಭೇಲಿ ಏಳಪ್ಪ ಅದ," ಅಂದಳು. "ಆಗ ಬತ್ತೀನಿ."

ಸಂಘದಲ್ಲಿ ನಾನು ಅದಾದ ಮೇಲೂ ಹದಿನಾಲ್ಕು ವರ್ಷ ಇದ್ದೆ. ತಂಗಿಯ ಮದುವೆಯಾಯಿತು, ನನ್ನದಾಯಿತು, ಚಲುವರಾಜು ಹೋಗಿ ಬೇರೆ ಅಧ್ಯಕ್ಷರು ಬಂದರು. ಹೆದರಲು ಕಾರಣ ಒಂದೊಂದಾಗಿ ಕಳಚಿಕೊಂಡರೂ ನಾನು ಎದ್ದು ನಿಲ್ಲಲಿಲ್ಲ. ವರ್ಷಕ್ಕೊಂದು ಮಹಾಸಭೆ ನಡೆಯಿತು, ಒಂದೊಂದನ್ನೂ ನಾನೇ ಬರೆದೆ. ಬೈರಕ್ಕ ಏಳು ವರ್ಷ ಬದುಕಿದ್ದಳು. ಆ ಏಳು ವರ್ಷವೂ ಸಭೆಯ ದಿನ ಅವಳು ಕೆಲಸ ಬಿಟ್ಟು ಬಂದು, ಕೊಟ್ಟಿಗೆಯ ಗೋಡೆಗೆ ಒರಗಿ, ಸಭೆ ಮುಗಿಯುವವರೆಗೆ ನಿಂತಿರುತ್ತಿದ್ದಳು.